ಜಾಮೀನಿಗೆ ಇಟ್ಟ ಅಂಕಪಟ್ಟಿ

ಇವತ್ತು ನಮ್ಮ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಹಳೆಯ ಕಡತಗಳ ಕಟ್ಟು ಬಿಚ್ಚಿದಾಗ ಮೈದಾ ಅಂಟಿನ ವಾಸನೆ ಬಂತು. ಹುಳ ಹತ್ತದಿರಲೆಂದು ಮೈಲುತುತ್ತ ಹಾಕಿ ಕಾಯಿಸಿದ ಅಂಟು. ಈಗ ಅದನ್ನು ಯಾರೂ ಮಾಡುವುದಿಲ್ಲ. ದಾಂಡೇಲಿಯ ನಮ್ಮ ಕಾಲೇಜಿನ ಕಚೇರಿಯಲ್ಲಿ ಕ್ಲರ್ಕ್ ಕಾಕಾ ಮಾಡುತ್ತಿದ್ದರು. ಅವರ ಬೆರಳುಗಳಿಗೆ ಸದಾ ಅದೇ ವಾಸನೆ ಇರುತ್ತಿತ್ತು...

ಅವರು ಅಂಬೇವಾಡಿಯಲ್ಲಿ ನಮ್ಮ ಓಣಿಯವರೇ. ಇಡೀ ಕಾಲೇಜಿನ ಹುಡುಗರ ಕಾಗದಪತ್ರ ಅವರ ಕೈಯಲ್ಲಿದ್ದುದರಿಂದ ಓಣಿಯ ಮಂದಿಗೆಲ್ಲ ಅವರ ಮೇಲೊಂದು ಸಂಶಯದ ಕಣ್ಣು. ಇನ್ನು ನಮ್ಮ ಮನೆಯ ಮಾತಂತೂ ಕೇಳಲೇಬೇಡಿ. ಸನವಳ್ಳಿಯಿಂದ ಬಂದ ನನ್ನ ಅವ್ವ ಹಾಲು ತಂದವನಿಗೇ ಮೊದಲು ಒಂದು ಗುಟುಕು ಕುಡಿ ಅನ್ನುವ ಪೈಕಿ. ಯಾರಾದರೂ ತಾವಾಗಿ ಉಪಕಾರ ಮಾಡಲು ಬಂದರೆ ಅವಳಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ನಾನು ಅವಳ ಮಗಳೇ.

ತೊಂಬತ್ತರ ದಶಕದ ಕೊನೆಯ ಮಾತು. ನನಗೆ ಡಾಕ್ಟರ್ ಆಗುವ ಹುಚ್ಚು. ಹತ್ತನೆಯವರೆಗೆ ಕನ್ನಡದಲ್ಲಿ ಓದಿದವಳು ಪಿಯುಸಿಗೆ ಬಂದು ಇಂಗ್ಲಿಷಿನಲ್ಲಿ ಮುಳುಗಿದೆ. ಜೀವಶಾಸ್ತ್ರದಲ್ಲಿ ಕಾಲೇಜಿಗೇ ಮೊದಲಿಗಳು, ಭೌತಶಾಸ್ತ್ರದಲ್ಲಿ ಮಾತ್ರ ಮೂವತ್ತೆಂಟು. ಆಗ ಸಿಇಟಿ ಅಂಕದ ಜೊತೆ ಪಿಯುಸಿ ಅಂಕವನ್ನೂ ಸೇರಿಸಿ ರ‍್ಯಾಂಕ್ ಕೊಡುತ್ತಿದ್ದರು. ಆ ಮೂವತ್ತೆಂಟನ್ನು ಕಟ್ಟಿಕೊಂಡು ವೈದ್ಯಕೀಯ ಸೀಟು ಕೇಳಲು ಹೋದರೆ ಬಾಗಿಲಲ್ಲೇ ನಕ್ಕು ಕಳಿಸುತ್ತಿದ್ದರು.

ಹಾಗಿರುವಾಗ ಒಂದು ಸಂಜೆ ಕಾಕಾ ತಾವೇ ನಮ್ಮ ಮನೆಗೆ ಬಂದರು. ಕಟ್ಟೆಯ ಮೇಲೆ ಕೂತು, ಕೊಟ್ಟ ಚಹಾ ಕುಡಿಯದೆ, ಅವ್ವನಿಗೆ ಹೇಳಿದರು. “ಅಕ್ಕಾರ, ಈಕೀದು ಮಾರ್ಕ್ಸ್ ಕಾರ್ಡ್ ನನ್ನ ಕಡೆ ಕೊಡ್ರಿ. ರಿಜೆಕ್ಟ್ ಮಾಡೂಣು. ಮುಂದಿನ ವರ್ಷ ಮತ್ತ ಬರೀಲಿ. ಫಿಸಿಕ್ಸ್ ಒಂದು ತುಂಬಿಕೊಂಡ್ಳಂದ್ರ ಈಕೀಗೆ ಸೀಟು ಸಿಕ್ಕೇ ಸಿಗ್ತೈತಿ.”

ಪಾಸಾದವರು ತಮ್ಮ ಫಲಿತಾಂಶವನ್ನು ತಾವೇ ತಿರಸ್ಕರಿಸಿ, ಅಂಕಪಟ್ಟಿಯನ್ನು ಬೋರ್ಡಿಗೆ ಮರಳಿಸಿ, ಇನ್ನೊಮ್ಮೆ ಪರೀಕ್ಷೆ ಬರೆಯಬಹುದಿತ್ತು. ಆದರೆ ಒಮ್ಮೆ ಕೊಟ್ಟರೆ ಮುಗಿಯಿತು, ಹಳೆಯ ಅಂಕ ಸತ್ತ ಹಾಗೆ. ಎರಡನೇ ಸಲ ನಪಾಸಾದರೆ ಪಿಯುಸಿಯೂ ಇಲ್ಲ.

ಅವ್ವ ಅವರ ಮುಖವನ್ನೇ ನೋಡುತ್ತ ನಿಂತಳು. ಕಾಕಾನ ಮಗಳು ನನ್ನ ಕ್ಲಾಸಿನವಳು. ಅವಳಿಗೆ ಒಟ್ಟಿನಲ್ಲಿ ನನಗಿಂತ ಹೆಚ್ಚು ಅಂಕ, ಆದರೂ ವೈದ್ಯಕೀಯಕ್ಕೆ ಸಾಲದಷ್ಟು.

“ಅಷ್ಟು ಛಲೋ ಕೆಲಸ ಇದ್ರ ನಿಮ್ಮ ಮಗಳದ್ಯಾಕ ಮಾಡಿಸವಲ್ರಿ, ಅಣ್ಣಾರ?” ಅಂದಳು ಅವ್ವ.

ಕಾಕಾ ತಡವರಿಸಿದರು. “ನಮ್ಮಾಕೀದು... ಬ್ಯಾರೆ ಐತ್ರಿ ಅದು.”

ಅಷ್ಟೇ ಸಾಕಾಯಿತು. ಅವರು ಹೋದ ಮೇಲೆ ಅವ್ವ ಬಾಗಿಲು ಹಾಕಿದಳು. “ಕಂಡವರ ಮಕ್ಕಳನ್ನ ಬಾವ್ಯಾಗ ದೂಡಿ ಆಳ ನೋಡೋ ಮಂದಿ! ತನ್ನ ಮಗಳನ್ನ ದಂಡಿ ಮ್ಯಾಲೆ ಕುಂದರಿಸ್ಯಾನ.” ನನಗೂ ಹಾಗೆಯೇ ಅನ್ನಿಸಿತು. ನಾನು ಪಟ್ಟಿಯಿಂದ ಹೊರಬಿದ್ದರೆ ಅವರ ಮಗಳು ಒಂದು ಮೆಟ್ಟಿಲು ಮೇಲೇರುತ್ತಾಳಲ್ಲ! ಅವಳು ಆಗಲೇ ನನಗಿಂತ ಮೇಲಿದ್ದಳು, ಇಡೀ ರಾಜ್ಯದ ಪಟ್ಟಿಯಲ್ಲಿ ಒಂದು ಮೆಟ್ಟಿಲಿನಿಂದ ಯಾರಿಗೆ ಏನು ಲಾಭ ಎಂದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ.

ಆದರೆ ಬೇರೆ ದಾರಿಯೂ ಕಾಣಲಿಲ್ಲ. ತಿರಸ್ಕಾರದ ಅರ್ಜಿ ಕಳಿಸಲು ಎರಡೇ ದಿನ ಉಳಿದಿದ್ದಾಗ ಅವ್ವ ನನ್ನ ಅಂಕಪಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವರ ಮನೆಗೆ ಹೊರಟಳು. ಹಿಂದೆ ನಾನು. ಓಣಿಯ ನಾಲ್ಕು ಜನ ಹೊರಗೆ ನಿಂತಿದ್ದರು. ಎಲ್ಲರಿಗೂ ಕೇಳುವ ಹಾಗೆ ಅವ್ವ ಅಂದಳು. “ಕೊಡ್ತೇನ್ರಿ, ಅಣ್ಣಾರ. ನಿಮ್ಮ ಮಗಳ ಕಾರ್ಡನ್ನೂ ಇದರ ಜೋಡಿ ಇಡ್ರಿ. ನನಗೊಂದು ಜಾಮೀನು ಬೇಕಲ್ಲ?”

ಯಾರೋ ಕಿಸಕ್ಕನೆ ನಕ್ಕರು. ಆಗ ಬಾಗಿಲಲ್ಲಿ ನಿಂತಿದ್ದ ಅವರ ಮಗಳು ಒಳಗೆ ಹೋಗಿ ತನ್ನ ಅಂಕಪಟ್ಟಿ ತಂದು, ನಮ್ಮ ಅವ್ವನ ಮುಂದೆಯೇ ಅಪ್ಪನ ಕೈಗೆ ಕೊಟ್ಟಳು. “ಇಬ್ರದೂ ಕಳಸ್ರಿ, ಅಪ್ಪಾ. ಕೂಡೇ ಓದ್ತೇವಿ.” ಅವಳ ಮುಖ ಕೆಂಪಗಾಗಿತ್ತು. ಕಾಕಾ ಅವಳನ್ನು ನೋಡಿದರು, ನೆರೆದವರನ್ನು ನೋಡಿದರು. “ವಿಚಾರ ಮಾಡೀಯೇನು?” ಅಂತ ಒಂದೇ ಸಲ ಕೇಳಿದರು. ಅವಳು ಹೂಂ ಅಂದಳು. ಎರಡೂ ಅಂಕಪಟ್ಟಿಗಳನ್ನು ಅವರು ಒಂದೇ ಲಕೋಟೆಗೆ ಹಾಕಿ, ನಮ್ಮ ಕಣ್ಣೆದುರಿಗೇ ಅಂಟು ಹಚ್ಚಿದರು.

ಅವಳಿಗೆ ಆ ಅಂಕಗಳ ಮೇಲೆ ಧಾರವಾಡದಲ್ಲಿ ಕೃಷಿ ಪದವಿಗೆ ಸೀಟು ಸಿಗುವುದಿತ್ತೆಂದು ನನಗೆ ಗೊತ್ತಾದದ್ದು ತಿಂಗಳ ಮೇಲೆ. ‘ಬ್ಯಾರೆ ಐತಿ’ ಅಂದದ್ದು ಅದಕ್ಕೇ. ಬಾಯಿಬಿಟ್ಟು ಹೇಳಿದ್ದರೆ ಏನಾಗುತ್ತಿತ್ತು? ದೃಷ್ಟಿ ತಾಗುತ್ತದೆಂದು ಸೀಟು ಕೈಗೆ ಬರುವ ತನಕ ಹೇಳುವುದಿಲ್ಲ ನಮ್ಮ ಕಡೆ. ಅವ್ವನಿಗೆ ಈ ಸಂಗತಿ ತಿಳಿಸಿದರೆ, “ಈಗ ಕಥಿ ಕಟ್ಟಾಕತ್ತಾರ” ಅಂದುಬಿಟ್ಟಳು.

ಆ ವರ್ಷ ಹಳಿಯಾಳದ ಒಬ್ಬ ಮಾಸ್ತರರ ಹತ್ತಿರ ಕಾಕಾ ನಮ್ಮಿಬ್ಬರಿಗೂ ಭೌತಶಾಸ್ತ್ರದ ಪಾಠ ಗೊತ್ತುಮಾಡಿದರು. ದಿನಾ ಬಸ್ಸಿನಲ್ಲಿ ಕೂಡಿಯೇ ಹೋಗುತ್ತಿದ್ದೆವು. ಮಾಸ್ತರರು ಅವಳಿಗೆ ಬೇರೇನಾದರೂ ಹೇಳಿಕೊಟ್ಟಿರಬಹುದೆಂದು ನಾನು ಓರೆಗಣ್ಣಿನಲ್ಲಿ ಅವಳು ಪಾಠ ಬರೆದುಕೊಂಡ ವಹಿ ನೋಡುತ್ತಿದ್ದೆ. ಅವಳಿಗೆ ಅದು ಗೊತ್ತಾಗಿ ವಹಿಯನ್ನು ನನ್ನ ತೊಡೆಯ ಮೇಲೇ ಬಿಚ್ಚಿಡತೊಡಗಿದಳು. ನನ್ನದೋ... ಮುಂಡಗೋಡದ ನನ್ನ ಸೋದರಮಾವ ಹುಬ್ಬಳ್ಳಿಯಿಂದ ಹಳೆಯ ಪ್ರಶ್ನೆಪತ್ರಿಕೆಗಳ ಉತ್ತರಗಳನ್ನು ತರಿಸಿಕೊಟ್ಟಿದ್ದ. ಅವನ್ನು ನಾನು ಹಾಸಿಗೆಯ ಕೆಳಗಿಟ್ಟು ಒಬ್ಬಳೇ ಓದಿದೆ. ಅವಳಿಗೆ ಒಂದು ಹಾಳೆಯನ್ನೂ ತೋರಿಸಲಿಲ್ಲ. ಈ ಮಾತನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಫಲಿತಾಂಶ ಬಂತು. ನನಗೆ ಭೌತಶಾಸ್ತ್ರದಲ್ಲಿ ಎಂಬತ್ತಾರು. ಅವಳು ಅದರಲ್ಲೇ ನಪಾಸು. ನನ್ನ ಅಂಕಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಮೊದಲು ನಮ್ಮ ಮನೆಗೆ ಓಡಿಬಂದವರು ಕಾಕಾನೇ. ಅವ್ವ ಸಕ್ಕರೆ ಕೊಟ್ಟಳು. ಅವರು ಹೋದ ಮೇಲೆ ಮೆಲ್ಲಗೆ, “ಅಷ್ಟು ಸಮಾಧಾನ ಹೆಂಗ ಇದ್ದೀತು? ಮಗಳ ಹಳೇ ಕಾರ್ಡ್ ಕಳಸೇ ಇರಂಗಿಲ್ಲ, ನೋಡ್ತಿರು” ಅಂದಳು.

ಕಾಲೇಜು ಬಿಡುವಾಗ ದಾಖಲೆ ಪತ್ರ ತರಲು ಹೋಗಿದ್ದೆ. ಕಾಕಾ ಸಹಿಗಾಗಿ ಒಳಗೆ ಹೋದಾಗ, ಹೊರಹೋಗುವ ಟಪಾಲು ಬರೆದಿಡುವ ಜಾವಕ ಪುಸ್ತಕವನ್ನು ಎಳೆದುಕೊಂಡು ಹಿಂದಿನ ವರ್ಷದ ಪುಟ ಹುಡುಕತೊಡಗಿದೆ. ಎಷ್ಟು ಹೊತ್ತಿಗೆ ಬಂದರೋ, ಪಕ್ಕದಲ್ಲೇ ನಿಂತಿದ್ದರು. ಬಯ್ಯಲಿಲ್ಲ. ತಾವೇ ಪುಟ ತಿರುವಿ ಬೆರಳಿಟ್ಟು ತೋರಿಸಿದರು. ನನ್ನ ಹೆಸರು, ಅದರ ಕೆಳಗೇ ಅವಳ ಹೆಸರು, ಒಂದೇ ದಿನ. ನಾಚಿಕೆಯಿಂದ ಸಾಯುವಂತಾಯಿತು. ಆದರೂ ಮೆಟ್ಟಿಲಿಳಿಯುವಾಗ, ಆಮೇಲೆ ಬರೆದು ಸೇರಿಸಿರಬಹುದೇ ಎಂದು ಯೋಚಿಸಿದವಳು ನಾನು.

ನಾನು ಹುಬ್ಬಳ್ಳಿಗೆ ಎಂಬಿಬಿಎಸ್ ಓದಲು ಹೋದೆ. ಅವಳು ಅಕ್ಟೋಬರಿನಲ್ಲಿ ಮತ್ತೆ ಬರೆದು ಕಟ್ಟಕಡೆಯ ಅಂಕದಲ್ಲಿ ಪಾಸಾದಳು. ಧಾರವಾಡದ ಸೀಟು ಯಾರದೋ ಪಾಲಾಗಿತ್ತು. ಜೋಯಿಡಾ ಕಡೆ ಮದುವೆಯಾಗಿ ಅಲ್ಲಿ ಅಂಗನವಾಡಿಯಲ್ಲಿದ್ದಾಳೆ ಎಂದು ಆಮೇಲೆ ಕೇಳಿದೆ...

ಎಷ್ಟೋ ವರ್ಷಗಳ ನಂತರ ಮುಂಡಗೋಡದ ಆಸ್ಪತ್ರೆಯಲ್ಲಿ ನಾನು ರೋಗಿಗಳನ್ನು ನೋಡುತ್ತಿದ್ದಾಗ ಕಾಕಾ ಬಂದರು. ನಿವೃತ್ತರಾಗಿ ಸೊರಗಿದ್ದರು. ಎಲ್ಲರಂತೆ ಚೀಟಿ ಮಾಡಿಸಿ, ಸಾಲಿನಲ್ಲಿ ನಿಂತು, ತಮ್ಮ ಪಾಳಿಗೆ ಒಳಗೆ ಬಂದರು. ನನಗೆ ಮೊದಲು ಹೊಳೆದದ್ದೇನು ಗೊತ್ತೇ? ಬಂತಪ್ಪಾ, ಇಷ್ಟು ವರ್ಷ ಕಾದು ಈಗ ಲೆಕ್ಕ ಕೇಳಲು ಬಂದರು ಅಂತ. ಯಾರಿಗಾದರೂ ನೌಕರಿಯೋ, ಸುಳ್ಳು ಸರ್ಟಿಫಿಕೇಟೋ. ರಕ್ತದೊತ್ತಡ ನೋಡಿದೆ, ಮಾತ್ರೆ ಬರೆದೆ. ಅವರು ಏಳಲಿಲ್ಲ.

“ಒಂದು ಮಾತು ಕೇಳಲೇನು, ತಂಗಿ?” ಅಂದರು.

“ಕೇಳ್ರಿ, ಕಾಕಾ,” ಅಂದೆ, ಇಲ್ಲ ಅನ್ನಲು ಸಿದ್ಧಳಾಗಿ.

“ನಿಮ್ಮ ಅವ್ವಗ ಈಗರೆ ನನ್ನ ಮ್ಯಾಲೆ ನಂಬಿಕಿ ಬಂದೈತೇನವಾ?”

ಅಂಬೇವಾಡಿ ಬಿಟ್ಟು ನನ್ನ ಜೊತೆಗಿದ್ದ ಅವ್ವ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಅವರಿಗೆ ಅದು ಗೊತ್ತಿರಲಿಲ್ಲ. ಕೊನೆಯವರೆಗೂ ಅವಳು, “ಅದರಾಗ ಏನೋ ಇತ್ತು, ನಮಗ ತಿಳೀಲಿಲ್ಲ” ಅನ್ನುತ್ತಲೇ ಇದ್ದಳು. ನಾನು “ಬಂದೈತ್ರಿ, ಕಾಕಾ” ಅಂದೆ. ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿ, ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಹೊರಟುಹೋದರು.

ಕಾಕಾ ಕಳೆದ ಚಳಿಗಾಲದಲ್ಲಿ ತೀರಿಹೋದರು. ಸುದ್ದಿ ನನಗೆ ತಡವಾಗಿ ಮುಟ್ಟಿತು, ಮಣ್ಣಿಗೆ ಹೋಗಲಾಗಲಿಲ್ಲ. ಇವತ್ತು ದಾಖಲೆ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ಅವ್ವನ ಸಂಶಯ ಅವ್ವನ ಜೊತೆ ಹೋಯಿತು, ಅವಳ ಪರವಾಗಿ ನಾನು ಸುಳ್ಳು ಹೇಳಿದ್ದೂ ಆಯಿತು. ಆದರೆ ಅವತ್ತು ಆ ಮುದುಕ ಅವ್ವನ ಹೆಸರು ಹಿಡಿದು ಕೇಳಿದ್ದು ನನ್ನನ್ನೇ. ಅವ್ವನದು ಬಿಡ್ರಿ, ಕಾಕಾ, ನನಗ ಬಂದೈತಿ ಅಂತ ಹೇಳಲು ಎಷ್ಟು ಹೊತ್ತು ಬೇಕಿತ್ತು? ಹೇಳಲಿಲ್ಲ. ಅವರು ಎದ್ದುಹೋದ ಮೇಲೂ ನಾನು ಬಾಗಿಲನ್ನೇ ನೋಡುತ್ತಿದ್ದೆ, ನಿಜವಾಗಿ ಕೇಳಲು ಬಂದದ್ದನ್ನು ಕೇಳಲು ಇನ್ನೊಮ್ಮೆ ತಿರುಗಿ ಬಂದಾರು ಅಂತ.