ಮುಟ್ಟಿನ ಡಾಕ್ಟ್ರು

ಕಂಪ್ಲಿಯ ಸರೋಜಮ್ಮ ಡಾಕ್ಟರಿಗೆ ದನಿ ತಗ್ಗಿಸಿ ಮಾತಾಡಲು ಬರುತ್ತಿರಲಿಲ್ಲ. ಅವರ ಆಯುರ್ವೇದ ದವಾಖಾನೆಗೆ ಹೆಣ್ಣುಮಕ್ಕಳು ಕೆಮ್ಮೆಂದು ಬಂದರೂ ಮೊದಲ ಪ್ರಶ್ನೆ ಒಂದೇ: “ಮುಟ್ಟು ಸರಿ ಆಗತೈತೇನವ್ವ?” ಬೆಂಚಿನ ಮೇಲಿದ್ದ ಗಂಡಸರು ಚಪ್ಪಲಿ ಹುಡುಕಿಕೊಂಡು ಹೊರಗೆ ನಡೆಯುತ್ತಿದ್ದರು. ಸರೋಜಮ್ಮನವರ ಬೆನ್ನ ಹಿಂದೆ ಊರು ಅವರನ್ನು ‘ಮುಟ್ಟಿನ ಡಾಕ್ಟ್ರು’ ಎನ್ನುತ್ತಿತ್ತು.

ನಾನು ಮೈನೆರೆದ ವರ್ಷ ಹೊಟ್ಟೆನೋವೆಂದು ಅವ್ವ ಅಲ್ಲಿಗೆ ಕರೆದೊಯ್ದಿದ್ದಳು. ಅಕ್ಕ ಗಿರಿಜೆಯೂ ಬಂದಿದ್ದಳು. “ಇದೇನು ಹೊಲಸಲ್ಲ, ನಾಚಬ್ಯಾಡ್ರಿ,” ಎಂದರು ಸರೋಜಮ್ಮ. “ಉಂಡ ಅನ್ನದ ರಸದಿಂದನ ಇದು ಹುಟ್ಟತೈತಿ. ಕಫ ಒಳಗ ಕಟ್ಟತೈತಿ, ಪಿತ್ತ ಕಾಯಿಸತೈತಿ, ವಾತ ಕೆಳಗ ದಬ್ಬತೈತಿ. ತಿಂಗಳಿಡೀ ಮೂರೂ ಸರದಿ ಮ್ಯಾಲೆ ದುಡೀತಾವು. ಅದಕ್ಕ ಆ ದಿನ ಬಿಸಿ ಉಣ್ರಿ, ದಣೀಬ್ಯಾಡ್ರಿ.” ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು.

ಅಕ್ಕನನ್ನು ಅದೇ ಊರಿನ ಅಕ್ಕಿ ಗಿರಣಿಯವರ ಮನೆಗೆ ಕೊಟ್ಟರು. ಎರಡನೆಯ ಹೆಣ್ಣುಮಗು ಹುಟ್ಟಿದ ಮೇಲೆ ಅವಳ ಸ್ರಾವ ನಿಲ್ಲದಾಯಿತು. ಸರೋಜಮ್ಮ ಅಶೋಕದ ತೊಗಟೆಯ ಕಷಾಯ ಕೊಟ್ಟರು. ತಗ್ಗಿತು, ಮತ್ತೆ ಹೆಚ್ಚಿತು. ಆಗ ಅವರೇ ಅಕ್ಕನ ಮನೆಗೆ ಹೋದರು. ನಾನೂ ಅಲ್ಲೇ ಇದ್ದೆ.

“ಇದು ನನ್ನ ಕೈ ಮೀರೈತ್ರಿ. ಈಗಿಂದೀಗ ಹೊಸಪೇಟೆಗೆ ಕರಕೊಂಡು ಹೋಗ್ರಿ. ರಕ್ತ ಏರಿಸಬೇಕು.”

“ಅಲ್ಲಿಗೆ ಹೋದ್ರ ಗರ್ಭಚೀಲ ತೆಗದು ಕಳಸ್ತಾರ,” ಎಂದಳು ಅಕ್ಕನ ಅತ್ತೆ. “ಇನ್ನೂ ಗಂಡು ಹುಟ್ಟಿಲ್ಲ. ನಿಮ್ಮ ಕಷಾಯನ ಚಲೋ ಐತಿ, ಅದನ್ನ ಕೊಡ್ರಿ.”

“ಕೊಡಂಗಿಲ್ಲ! ಹುಡುಗಿ ಸಾಯ್ತಾಳ್ರಿ!”

ಅವರು ಕೂಗಿದ್ದು ಓಣಿಗೆಲ್ಲ ಕೇಳಿಸಿತು. ಅಷ್ಟಾದರೂ ಅತ್ತೆ ಗ್ರಂಧಿಗೆ ಅಂಗಡಿಯಿಂದ ತೊಗಟೆ ತರಿಸಿ ಮನೆಯಲ್ಲೇ ಕುದಿಸಿದಳು. ಅಪ್ಪ ಹಟ ಹಿಡಿದು ಗಾಡಿ ತರುವಷ್ಟರಲ್ಲಿ ಅಕ್ಕನ ತುಟಿ ಬೆಳ್ಳಗಾಗಿತ್ತು. ಹೊಸಪೇಟೆ ಮುಟ್ಟಲಿಲ್ಲ, ಕಮಲಾಪುರದ ಹತ್ತಿರ ನನ್ನ ತೊಡೆಯ ಮೇಲೆಯೇ ಉಸಿರು ಬಿಟ್ಟಳು.

ಮಣ್ಣಿಗೆ ಬಂದವರೆದುರು ಅತ್ತೆ ಅಳುತ್ತಾ ಹೇಳಿದಳು: “ಸರೋಜಮ್ಮೋರ ಔಷಧನ ಕುಡಿಸಿದ್ವಿ. ನಾವೇನೂ ಕಡಿಮಿ ಮಾಡಿಲ್ಲ.” ಬಾಗಿಲಲ್ಲಿ ನಿಂತಿದ್ದ ಸರೋಜಮ್ಮ ತಿರುಗಿ ಹೋದರು. ಮುಂದೆ ಅವರ ದವಾಖಾನೆಯ ಬೆಂಚು ಖಾಲಿಯಾಯಿತು. ಬಾಗಿಲು ಹಾಕಿ ಸಂಡೂರಿನ ತಮ್ಮನ ಮನೆ ಸೇರಿದರು.

ಹೋದ ವರ್ಷ ಅಲ್ಲಿಗೆ ಹೋಗಿದ್ದೆ. “ತಪ್ಪು ನಿಮ್ಮದಲ್ರಿ, ನಾನ ಕಣ್ಣಾರೆ ಕಂಡೀನಿ,” ಎಂದೆ. “ಇರಲಿ ಬಿಡವ್ವ. ಆಕಿ ಬರಂಗಿಲ್ಲಲ್ಲ,” ಎಂದರು. ಅಷ್ಟರಲ್ಲಿ ಪಕ್ಕದ ಮನೆಯಾಕೆ ಮಗಳನ್ನು ಕರೆತಂದಳು. ಹುಡುಗಿ ಹೊಟ್ಟೆ ಹಿಡಿದು ಕಟ್ಟೆಯ ಮೇಲೆ ಕುಸಿದಳು. ಸರೋಜಮ್ಮ ಅವಳ ಮುಖವನ್ನೇ ನೋಡಿದರು. ಕೈ ಮಾತ್ರ ಮುಂದೆ ಚಾಚಲಿಲ್ಲ.

“ದೊಡ್ಡ ದವಾಖಾನಿಗೆ ಹೋಗ್ರಿ. ನನಗೇನೂ ಗೊತ್ತಾಗಂಗಿಲ್ಲ,” ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.