ಚೊಚ್ಚಲ ಬಾಣಂತನ

ಅಪ್ಪ ನೇಪಾಳದಿಂದ ಬಂದು ನಿಪ್ಪಾಣಿಯ ತಂಬಾಕಿನ ವಖಾರಿಗೆ ಕಾವಲುಗಾರನಾದವನು. ಅವ್ವನೂ ನೇಪಾಳದವಳೇ. ನಾನೂ ತಂಗಿಯೂ ಹುಟ್ಟಿದ್ದು ಮಾತ್ರ ನಿಪ್ಪಾಣಿಯಲ್ಲಿ, ಪಕ್ಕದ ಮನೆಯ ಬೀಡಿ ಕಟ್ಟುವ ಆಯಿಯ ನಡುಮನೆಯಲ್ಲಿ. ಮನೆಯಲ್ಲಾದ ಹೆರಿಗೆ, ಯಾರೂ ಎಲ್ಲೂ ಬರೆಸಿರಲಿಲ್ಲ.

ತೊಂಬತ್ತೊಂಬತ್ತರಲ್ಲಿ ನೌಕರಿಗೆಂದು ಭಾರತೀಯಳೆಂಬ ದಾಖಲೆ ಬೇಕಾಯಿತು. ಅವ್ವ, ತಂಗಿ, ಆಯಿಯೊಡನೆ ಚಿಕ್ಕೋಡಿಯ ಕಚೇರಿಗೆ ಹೋದೆ. ಸಾಹೇಬರು ಅವ್ವನನ್ನು ಕೇಳಿದರು:

"ತವರಮನಿ ಯಾವೂರು?"

"ನೇಪಾಳರಿ."

"ಚೊಚ್ಚಲ ಬಾಣಂತನ ತವರಮನ್ಯಾಗಽ ಆಗೋದು. ಅಂದಮ್ಯಾಲ ಈಕಿ ನೇಪಾಳದಾಗ ಹುಟ್ಯಾಳ."

ಊರ ಪದ್ಧತಿಯನ್ನೇ ನನ್ನ ವಿರುದ್ಧ ಸಾಕ್ಷಿ ಮಾಡಿದ ಆ ಮನುಷ್ಯನ ಮೇಲೆ ನನಗೆ ಈಗಲೂ ಸಿಟ್ಟಿದೆ.

ಆಯಿ ಮುಂದೆ ಬಂದಳು. "ಆಕಿಗಿ ಇಲ್ಲಿ ಯಾರೂ ಇರಲಿಲ್ರಿ. ನಾನಽ ಕುಬಸಾ ಮಾಡಿ ಉಡಿ ತುಂಬೀನಿ, ನಾನಽ ಬಾಣಂತನ ಮಾಡೀನಿ. ಆಕಿ ತವರಮನಿ ನಂದಽರಿ."

ಸಾಹೇಬರು ಪೆನ್ನು ಎತ್ತಿಕೊಂಡರು. ಎಂಬತ್ತೇಳರ ಜುಲೈಗೆ ಮುಂಚೆ ಈ ನೆಲದಲ್ಲಿ ಹುಟ್ಟಿದವರು, ಹೆತ್ತವರು ಎಲ್ಲಿಯವರಾದರೂ, ಇಲ್ಲಿಯ ಪ್ರಜೆಗಳೇ ಎಂದರು. ನಾನು ಹುಟ್ಟಿದ್ದು ಎಂಬತ್ತರಲ್ಲಿ, ನನ್ನ ಕೆಲಸ ಆಯಿತು. ಆಮೇಲೆ ಹುಟ್ಟಿದವರಿಗೆ ತಂದೆತಾಯಿಯರಲ್ಲಿ ಒಬ್ಬರಾದರೂ ಇಲ್ಲಿಯ ಪ್ರಜೆಯಾಗಿರಬೇಕಂತೆ. ತಂಗಿ ಹುಟ್ಟಿದ್ದು ಎಂಬತ್ತೆಂಟರಲ್ಲಿ.

ಬಸ್ಸಿನಲ್ಲಿ ಊರಿಗೆ ಹೊರಟೆವು. ನಿಪ್ಪಾಣಿ ಹತ್ತಿರ ಬಂದಾಗ ತಂಗಿ ಕೇಳಿದಳು: "ಆಯಿ, ನಾ ಯಾರ ಮನ್ಯಾಗ ಹುಟ್ಟೀನಿ?"

ಸಾಹೇಬರೆದುರು ತಡವರಿಸದ ಆಯಿ ಕಿಟಕಿಯ ಕಡೆ ಮುಖ ತಿರುಗಿಸಿದಳು. "ನಮ್ಮ ಮನ್ಯಾಗಽ, ಕೂಸಽ. ನಿಮ್ಮಕ್ಕ ಹುಟ್ಟಿದ ಜಾಗಾದಾಗಽ."