ಗಿರಿಜಕ್ಕನ ಬಿಳಿ ಕೋಟು

ನಮ್ಮ ಲ್ಯಾಬಿನಲ್ಲಿ ಮಾಲೀಕರಿಗಿಂತ ಹೆಚ್ಚು ಮರ್ಯಾದೆ ಇದ್ದದ್ದು ಒಂದು ಟ್ಯೂಬು ನೀರಿಗೆ. ತಮಾಷೆಗೆ ಹೇಳುತ್ತಿಲ್ಲ. ಚಿಕ್ಕಮಗಳೂರಿನ ಆ ಲ್ಯಾಬಿಗೆ ೨೦೦೬ರಲ್ಲಿ ಪಿಸಿಆರ್ ಯಂತ್ರ ಬಂತು. ಟೆಕ್ನಿಷಿಯನ್ ಗಿರಿಜಾಂಬಾ ರೋಗಿಗಳ ಕಫದ ಸ್ಯಾಂಪಲ್ಲುಗಳ ಜೊತೆ ಪ್ರತಿ ಸಲವೂ ಒಂದು ಟ್ಯೂಬಿನಲ್ಲಿ ಬರೀ ಶುದ್ಧ ನೀರು ಇಡುತ್ತಿದ್ದರು. ನೀರಿನಲ್ಲಿ ಕ್ಷಯದ ರೋಗಾಣು ಎಲ್ಲಿಂದ ಬರಬೇಕು? ಅದು ‘ಇಲ್ಲ’ ಎನ್ನಲೇಬೇಕು. ಅಪ್ಪಿತಪ್ಪಿ ‘ಇದೆ’ ಎಂದರೆ ಅಂದಿನ ಪರೀಕ್ಷೆಗಳೆಲ್ಲ ಕಸದ ಬುಟ್ಟಿಗೆ.

“ನೀರು ಒಪ್ದೆ ನಾನು ಸೈನ್ ಹಾಕಲ್ಲ” ಎಂದು ಮಾಲೀಕ ರೇವಣ್ಣನವರ ಮುಖಕ್ಕೇ ಹೇಳಿದ ಹೆಂಗಸು ಅವರು. ನಾನು ಸರಸ್ವತಿ, ರಿಪೋರ್ಟು ಟೈಪು ಮಾಡಿ ಸೀಲು ಒತ್ತುವವಳು. ಸೀಲು ನನ್ನ ಡ್ರಾಯರಿನಲ್ಲಿ, ಬೀಗದ ಕೈ ನನ್ನ ಸೊಂಟದಲ್ಲಿ. ಗಿರಿಜಕ್ಕನ ಹಟಕ್ಕೆ ಒಳಗೊಳಗೇ ಎಷ್ಟೋ ಸಲ ಬೈದುಕೊಂಡಿದ್ದೇನೆ.

ಯಂತ್ರ ರೋಗಾಣುವಿನ ಗುರುತನ್ನು ಕೋಟಿಗಟ್ಟಲೆ ನಕಲು ಮಾಡಿ ತೋರಿಸುತ್ತದೆ. ಆ ನಕಲಿನ ಒಂದು ಕಣ ಸ್ಯಾಂಪಲ್ ಸಿದ್ಧಪಡಿಸುವ ಕೋಣೆಗೆ ಬಂದರೂ ಇಲ್ಲದ ಕಾಯಿಲೆ ಇದೆ ಎಂದಾಗುತ್ತದೆ. ಅದಕ್ಕೇ ಯಂತ್ರದ ಕೋಣೆಗೊಂದು ಕೋಟು, ಸ್ಯಾಂಪಲ್ ಕೋಣೆಗೊಂದು ಕೋಟು. ಒಂದು ಕೋಣೆಯದು ಇನ್ನೊಂದಕ್ಕೆ ಹೋಗಬಾರದೆಂದು ಗಿರಿಜಕ್ಕನೇ ಬರೆದು ಗೋಡೆಗೆ ಅಂಟಿಸಿದ್ದರು.

ಮರುವರ್ಷದ ಆಷಾಢದಲ್ಲಿ ಒಂದು ಸೋಮವಾರ ನೀರು ‘ಇದೆ’ ಎಂದಿತು. ಗಿರಿಜಕ್ಕ ಎಲ್ಲವನ್ನೂ ಒರೆಸಿ ತೊಳೆದು ಮತ್ತೆ ಮಾಡಿದರು. ಮತ್ತೂ ‘ಇದೆ’. ಮೂರನೆಯ ದಿನ ಯಂತ್ರದ ಕೋಣೆಯಲ್ಲಿ ತಲೆಯೆತ್ತಿ ನೋಡಿದವರು ಹಾಗೇ ಕುಳಿತುಬಿಟ್ಟರು. ಯಂತ್ರದ ಹಿಂದಿನ ಬಿಸಿಗಾಳಿಗೆ ಅಡ್ಡಲಾಗಿ ಒಂದು ಹಗ್ಗ. ಅದರ ಮೇಲೆ ಸ್ಯಾಂಪಲ್ ಕೋಣೆಯ ಕೋಟು. ನಮ್ಮ ಕಡೆ ಮಳೆಗಾಲದಲ್ಲಿ ಬಚ್ಚಲೊಲೆಯ ಮೇಲೆ ಬಟ್ಟೆ ಒಣಗಿಸದ ಮನೆ ಯಾವುದಿದೆ? ಬಿಸಿ ಕಂಡಲ್ಲಿ ಒದ್ದೆ ಬಟ್ಟೆ ಹರವುವುದು ಕೈಗೆ ಹತ್ತಿದ ಅಭ್ಯಾಸ. ಹಗ್ಗ ಕಟ್ಟಿದ್ದು ಗಿರಿಜಕ್ಕನೇ, ಅದೂ ಹಿಂದಿನ ವಾರ.

ಹಿಂದಿನ ವಾರ ಎಂದೊಡನೆ ಅವರಿಗೆ ಮಲ್ಲಂದೂರಿನ ತಂಗಮ್ಮ ನೆನಪಾದರು. ಶಾಲೆಯ ಬಿಸಿಯೂಟದ ಅಡುಗೆಯವರು. ಶುಕ್ರವಾರ ಅವರಿಗೆ ಕ್ಷಯವಿದೆ ಎಂದು ರಿಪೋರ್ಟು ಹೋಗಿತ್ತು. ಫ್ರೀಜರಿನಲ್ಲಿ ಉಳಿದಿದ್ದ ಅವರ ಸ್ಯಾಂಪಲನ್ನು ಹೊಸ ಕೋಟು ತೊಟ್ಟು ಎರಡು ಸಲ ಪರೀಕ್ಷಿಸಿದರು. ಎರಡೂ ಸಲ ‘ಇಲ್ಲ’.

ರೇವಣ್ಣನವರು ಆ ಹೊಸ ರಿಪೋರ್ಟನ್ನು ಮುಟ್ಟಲೂ ಇಲ್ಲ. “ಶುಕ್ರವಾರ ನೀರು ಸರಿಯಾಗೇ ಇತ್ತಲ್ಲ ಗಿರಿಜಾಂಬಾ. ನೀರು ಒಪ್ಪಿದ್ರೆ ರಿಪೋರ್ಟ್ ಸರಿ ಅಂತ ನೀವೇ ಹೇಳ್ತಿದ್ದದ್ದು.”

“ಕಣ ಒಂದು ಟ್ಯೂಬಿಗೆ ಬಿದ್ದು ಇನ್ನೊಂದಕ್ಕೆ ಬೀಳ್ದೇನೂ ಇರ್ಬಹುದು ಸರ್.”

“ಹಾಗಾದ್ರೆ ಇಷ್ಟು ದಿನ ಆ ನೀರು ಇಟ್ಟಿದ್ದು ಯಾಕೆ?”

ನೀರು ‘ಇದೆ’ ಎಂದರೆ ತಪ್ಪು ಖಚಿತ, ‘ಇಲ್ಲ’ ಎಂದರೆ ಎಲ್ಲವೂ ಸರಿ ಎಂದೇನಲ್ಲ; ಅದನ್ನು ಕೇಳುವ ಕಿವಿ ಅಲ್ಲಿರಲಿಲ್ಲ. ತಾವೇ ಹಾಕಿದ ನಿಯಮದಲ್ಲಿ ಆ ಮಹಾತಾಯಿ ಸಿಕ್ಕಿಬಿದ್ದಿದ್ದರು. ತಂಗಮ್ಮನಿಗೆ ಕ್ಷಯವಿಲ್ಲ, ತಪ್ಪು ತಮ್ಮ ಕೋಟಿನದು ಎಂದು ಬರೆದು, ಸಹಿ ಹಾಕಿ, ಬಸ್ಸು ಹತ್ತಿ ಮಲ್ಲಂದೂರಿಗೆ ಹೋದರು.

ಮರುದಿನ ನನ್ನ ಮೇಜಿನ ಮುಂದೆ ನಿಂತಾಗ ಮುಖದಲ್ಲಿ ಕಳೆಯೇ ಇರಲಿಲ್ಲ.

“ತಂಗಮ್ಮನ್ನ ಮನೆಯೋರು ಸೌದೆ ಕೊಟ್ಟಿಗೇಲಿ ಮಲಗಿಸಿದಾರೆ ಸರಸ್ವತಿ. ತಟ್ಟೆ ಬಾಗ್ಲಿಂದ ಒಳಗೆ ನೂಕ್ತಾರೆ. ಶಾಲೆಗೆ ಬರ್ಬೇಡಿ ಅಂದಿದಾರಂತೆ. ತಂಗಮ್ಮ ನನ್ನ ಕಾಗದ ತಿರುಗಿಸಿ ಮುರುಗಿಸಿ ನೋಡಿ, ‘ಇದ್ಕೆ ಸೀಲಿಲ್ವಲ್ಲ ಅಮ್ಮ, ಡಾಕ್ಟ್ರು, ಹೆಡ್‌ಮಾಸ್ಟ್ರು ಯಾರು ನಂಬ್ತಾರೆ’ ಅಂದ್ರು.”

ನಾನು ಸೊಂಟದ ಬೀಗದ ಕೈ ಹಿಡಿದುಕೊಂಡೆ. “ಸಾಹೇಬ್ರನ್ನ ಕೇಳ್ಬೇಕು ಅಕ್ಕ.”

“ಕೇಳಿ ಆಯ್ತು ಮಾರಾಯ್ತಿ.”

ಅವರು ಅಲ್ಲಿಂದ ಕದಲಲಿಲ್ಲ. ನನಗೆ ಕೆಲಸದ ಹೆದರಿಕೆ, ಜೊತೆಗೆ ಆ ಬಾಗಿಲಿನ ತಟ್ಟೆ ಕಣ್ಣಮುಂದೆ. ಕೊನೆಗೆ ಡ್ರಾಯರು ತೆಗೆದೆ. ಅವರ ಕಾಗದದ ಮೇಲೆ ಸೀಲು ಒತ್ತಿದೆ.

ತಂಗಮ್ಮ ಮುಂದಿನ ವಾರ ಶಾಲೆಯ ಒಲೆ ಹಚ್ಚಿದರು. ಸುದ್ದಿ ರೇವಣ್ಣನವರಿಗೂ ಮುಟ್ಟಿತು.

“ಸೀಲು ಯಾರು ಒತ್ತಿದ್ದು?” ಎಂದು ಕೇಳಿದರು.

“ನಾನೇ ತಗೊಂಡು ಒತ್ತಿದೆ. ಸರಸ್ವತಿ ಊಟಕ್ಕೆ ಹೋಗಿದ್ಲು,” ಎಂದರು ಗಿರಿಜಕ್ಕ.

ನಾನು ಅಲ್ಲೇ ಮೂರು ಅಡಿ ದೂರದಲ್ಲಿದ್ದೆ. ಬಾಯಿ ತೆರೆಯಲಿಲ್ಲ. ನನ್ನ ಬಗ್ಗೆ ನನಗೇ ಅಸಹ್ಯವಾಯಿತು, ಆದರೂ ತೆರೆಯಲಿಲ್ಲ. “ನಾಳೆಯಿಂದ ಬರ್ಬೇಡಿ” ಎಂದರು ರೇವಣ್ಣನವರು. ಗಿರಿಜಕ್ಕ ಕೋಟು ಮಡಿಸಿ ನನ್ನ ಮೇಜಿನ ಮೇಲಿಟ್ಟು, ಕೊಡೆ ತೆಗೆದುಕೊಂಡು ಹೊರಟರು.

ಈಗಲೂ ನಾನು ಅದೇ ಮೇಜಿನ ಹಿಂದೆ ಕೂರುತ್ತೇನೆ. ಬೀಗದ ಕೈ ಸೊಂಟದಲ್ಲೇ ಇದೆ.